ವಿಳಾಸ: ಆಲೂರು

ಆಧಾರ್ ಕಾರ್ಡಿನಲ್ಲಿ ನಾವಿನ್ನೂ ಆಲೂರಿನವರು.
ಆಮೇಲೆ ಬೇಲೂರಾಯಿತು, ಬಾಣಾವರವಾಯಿತು,
ಅರಸೀಕೆರೆಯಲ್ಲಿ ರೈಲ್ವೆ ಗೇಟಿನ ಪಕ್ಕ ಹನ್ನೊಂದು ತಿಂಗಳು,
ಈಗ ಹಾಸನ, ಆಸ್ಪತ್ರೆಯ ಹಿಂದಿನ ರಸ್ತೆ,
ಮಹಡಿ ಮೇಲೆ ಎರಡು ರೂಮು.
ಪ್ರತಿ ಮನೆಯಲ್ಲೂ ಮೊದಲು ಬಿಚ್ಚುವುದು ಕುಕ್ಕರು,
ಕೊನೆಗೆ ಕಟ್ಟುವುದೂ ಅದೇ.
ನಡುವೆ ಒಂದು ತಗಡಿನ ಟ್ರಂಕು, ಮದುವೆಯದು,
ಹನ್ನೆರಡು ವರ್ಷದಿಂದ ಬೀಗ ತೆಗೆದಿಲ್ಲ;
ಒಳಗೇನಿದೆ ಅಂತ ಆಮೋಸ ಕೇಳುತ್ತಾನೆ,
ಪರದೆ ಬಟ್ಟೆ ಅನ್ನುತ್ತೇನೆ.
ಯಾವ ಕಿಟಕಿಯ ಅಳತೆಗೂ ಬಾರದ ಪರದೆ.

ಇವರ ಸ್ಕೂಟರಿಗೆ ಜಿಲ್ಲೆಯ ಗುಂಡಿಗಳೆಲ್ಲ ಬಾಯಿಪಾಠ.
ಶುಕ್ರವಾರ ಸಕಲೇಶಪುರ, ಶನಿವಾರ ಯೌವನಸ್ಥರ ಕೂಟ,
ಭಾನುವಾರ ಎರಡು ಆರಾಧನೆ, ಒಂದು ಸಾವಿನ ಮನೆ, ಒಂದು ದೀಕ್ಷಾಸ್ನಾನ.
ಸೋಮವಾರ ರಜೆ ಅನ್ನುತ್ತಾರೆ,
ಸೋಮವಾರ ಯಾರದೋ ಮಗ ಮನೆ ಬಿಟ್ಟು ಓಡಿರುತ್ತಾನೆ.
ಹುಡುಕಿ ತಂದು ನಮ್ಮ ಹಾಲಿನಲ್ಲಿ ಮಲಗಿಸುತ್ತಾರೆ.
ನಾನು ಇನ್ನೊಂದು ಪಾವು ಅಕ್ಕಿ ಸುರಿಯುತ್ತೇನೆ,
ಹೆಸರು ಆಮೇಲೆ ಕೇಳುತ್ತೇನೆ.

ಎದೆಯ ಜೇಬಿನಲ್ಲಿ ಕಪ್ಪು ಡೈರಿ.
ಬೆಳಗಿನ ನಾಲ್ಕೂವರೆಗೆ ಎದ್ದು ಒಂದೊಂದೇ ಹೆಸರು ಓದಿ ಪ್ರಾರ್ಥಿಸುತ್ತಾರೆ:
ಸುಗುಣ್, ಪಿಯುಸಿ, ಕೆಮಿಸ್ಟ್ರಿ ಬಾಕಿ.
ದೀನಾ, ನರ್ಸಿಂಗ್ ಸೀಟು, ಫೀಸಿಗೆ ಮೂವತ್ತು ಸಾವಿರ ಕಮ್ಮಿ.
ಎಸ್ಟೇಟ್ ಲೈನಿನ ಸೆಲ್ವಿನ್, ಅಪ್ಪನ ಕುಡಿತ.
ನಾನು ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಳ್ಳುತ್ತೇನೆ.
ದೇವರೂ ಹಾಗೇ ಕೇಳುತ್ತಾನೋ ಏನೋ, ಹೊದ್ದುಕೊಂಡು.

ಜನವರಿಯಲ್ಲಿ ಹಾನುಬಾಳಿನ ಹತ್ತಿರ ಮೂರು ದಿನದ ಕ್ಯಾಂಪು.
ಕಾಫಿ ಕೊಯ್ಲು, ಕಣದ ತುಂಬ ಒಣಹಾಕಿದ ಹಣ್ಣು,
ಹುಡುಗರ ಬೆರಳ ತುದಿಗೆ ಕಪ್ಪು ಕರೆ.
ತಂತಿ ಕಡಿದ ಗಿಟಾರು, ನೂರಾ ಹತ್ತು ಪ್ಲೇಟು,
ಉಪ್ಪಿಟ್ಟಿಗೆ ನಾನು.
ಕಡೆಯ ರಾತ್ರಿ ಬೆಂಕಿಯ ಸುತ್ತ ಕೂರಿಸಿ
ಮನಸ್ಸಿನಲ್ಲಿ ಏನಿದ್ದರೂ ಎದ್ದು ಹೇಳಿ ಅಂದರು ಇವರು,
ಇಲ್ಲಿ ಯಾರೂ ಬೈಯುವುದಿಲ್ಲ.
ಸುಮಾರು ಹೊತ್ತು ಸೌದೆಯೊಂದೇ ಮಾತಾಡಿತು.
ಆಮೇಲೆ ಹಿಂದಿನ ಸಾಲಿನಿಂದ ತಬಿತಾ ಎದ್ದಳು,
ನಮ್ಮ ತಬಿತಾ, ಯಾರದೋ ಸ್ವೆಟರ್ ತೊಟ್ಟುಕೊಂಡು.
'ನಾನು ಹತ್ತನೇ ಕ್ಲಾಸು' ಅಂದಳು.
'ಮೊದಲ ದಿನ ಪರಿಚಯ ಮಾಡಿಸುವಾಗ
ಅಪ್ಪ ಒಂಬತ್ತು ಅಂದರು.
ಅಷ್ಟೇ.'
ಕೂತಳು.

ಕೆಲವರು ನಕ್ಕರು. ಯಾರೋ ಅಭ್ಯಾಸಬಲದಿಂದ ಆಮೆನ್ ಅಂದರು.
ಇವರ ಕೈಯಲ್ಲಿದ್ದ ಸತ್ಯವೇದ
ಬಲಗೈಯಿಂದ ಎಡಗೈಗೆ, ಎಡಗೈಯಿಂದ ಬಲಗೈಗೆ.
ಇಪ್ಪತ್ತು ವರ್ಷ ಮಾತನ್ನೇ ಉಂಡು ಬದುಕಿದವರಿಗೆ
ಒಂದು ಮಾತು ಸಿಗಲಿಲ್ಲ.
ಪಾತ್ರೆ ತೊಳೆಯುವ ಕಡೆಯಿಂದ ನೋಡುತ್ತಿದ್ದೆ.
ಖುಷಿಯಾಯಿತು ನನಗೆ. ಪಾಪ ಅಂತಲೂ ಅನ್ನಿಸಿತು.
ಎರಡನ್ನೂ ಒಂದೇ ಬೂದಿಯಲ್ಲಿ ಉಜ್ಜಿದೆ.

ಸ್ಕೂಟರಿಗೆ ನಾಲ್ವರು ಹೆಚ್ಚು; ಸಕಲೇಶಪುರದಿಂದ ಬಸ್ಸು.
ಇವರು ಡೈರಿ ತೆಗೆದು ಕುಲುಕಾಟದಲ್ಲೇ ಬರೆದರು,
ಕೊನೆಯ ಸಾಲು, ವಾಲಿಕೊಂಡ ಅಕ್ಷರ:
ತಬಿತಾ, ಹತ್ತು, ಗಣಿತ ಕಷ್ಟ.
ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದರು.
'ಗಣಿತ ಚೆನ್ನಾಗೇ ಬರುತ್ತೆ. ಇಂಗ್ಲಿಷು ಕಷ್ಟ' ಅಂದೆ.
ಹೊಡೆದುಹಾಕಿ ತಿದ್ದಿದರು.
ನನ್ನ ಹೆಸರು ಯಾವ ಪುಟದಲ್ಲಿದೆ ಅಂತ ಕೇಳಲಿಲ್ಲ,
ಕಂಡಕ್ಟರ್ ಬಂದಿದ್ದ.

ಆಧಾರ್ ತೋರಿಸಿದರೆ ನನಗೂ ಮಗಳಿಗೂ ಸೊನ್ನೆ ಟಿಕೆಟ್ಟು,
ಇವರಿಗೂ ಆಮೋಸನಿಗೂ ದುಡ್ಡು.
ತಬಿತಾ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು,
ಇಲ್ಲವೇ ನಿದ್ದೆಯ ಹಾಗೆ.
ಅವಳ ತಲೆಗೂ ಕಂಬಿಗೂ ನಡುವೆ ಇವರ ಅಂಗೈ,
ಪೆಟ್ಟಾಗದಿರಲಿ ಅಂತ, ಅಲುಗದೆ.
ಆಲೂರಿನ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ
ಕಂಡಕ್ಟರ್ ನನ್ನ ಕಡೆ ತಿರುಗಿದ:
'ಇಳಿಯಲ್ವಾ ಅಮ್ಮ? ನಿಮ್ಮೂರು ಬಂತಲ್ಲ.'